ಹಾರದ ನೊಣ ಸಿಕ್ಕರೆ ಸ್ನಾಯುವಿನ ಜೀನ್ ಸಿಕ್ಕಂತೆಯೇ?

ಓದುಗರ ಪ್ರಶ್ನೆ:

ಮೇಡಂ, ನಮ್ಮೂರು ಮಂಡ್ಯದ ಹತ್ತಿರ. ಮೈಸೂರಿನಲ್ಲಿ ಎಂ.ಎಸ್ಸಿ. ಪ್ರಾಣಿಶಾಸ್ತ್ರ ಕೊನೆಯ ವರ್ಷದಲ್ಲಿದ್ದೇನೆ. ಸ್ನಾಯು ಬೆಳೆಯಲು ಯಾವ ಜೀನ್‌ಗಳು ಬೇಕು ಎಂದು ಹಣ್ಣಿನ ನೊಣದಲ್ಲಿ ಹುಡುಕುವುದು ನನ್ನ ಪ್ರಾಜೆಕ್ಟ್. ಸ್ನಾಯುವಿನಲ್ಲಿ ಆರ್‌ಎನ್‌ಎಐ ಚಾಲೂ ಮಾಡುವ ಮೆಫ್2-ಗ್ಯಾಲ್4 ನೊಣಗಳನ್ನು, ಒಂದೊಂದು ಜೀನಿನ ಕೆಲಸ ತಗ್ಗಿಸುವ 60 ಆರ್‌ಎನ್‌ಎಐ ತಳಿಗಳ ಜೊತೆ ಕ್ರಾಸ್ ಮಾಡಿದೆ. 14 ಕ್ರಾಸ್‌ಗಳಲ್ಲಿ ನೊಣ ಹಾರುತ್ತಿಲ್ಲ. ಕೆಲವು ರೆಕ್ಕೆಯನ್ನು ಮೇಲಕ್ಕೆ ಎತ್ತಿಕೊಂಡೇ ಇರುತ್ತವೆ. ‘ಹದಿನಾಲ್ಕೂ ಸ್ನಾಯುವಿನ ಜೀನೇ, ಬರೆದುಬಿಡು’ ಎನ್ನುತ್ತಾರೆ ಸೀನಿಯರ್ ಒಬ್ಬರು. ಇನ್ನೊಬ್ಬರು ‘ಆರ್‌ಎನ್‌ಎಐ ನಂಬಬೇಡ, ಇಎಂಎಸ್ ಕೊಟ್ಟು ನಿಜವಾದ ಮ್ಯುಟೆಂಟ್ ಹುಡುಕು’ ಎನ್ನುತ್ತಾರೆ. ಇಎಂಎಸ್ ಡಿಎನ್‌ಎ ಕೆಡಿಸುವ ರಾಸಾಯನಿಕ, ಅದೆಂದರೆ ನನಗೆ ಭಯ. ಉಳಿದಿರುವುದು ನಾಲ್ಕೇ ತಿಂಗಳು. ಈ ನೊಣ ನನ್ನ ಬಟ್ಟೆಗೆ ಅಂಟಿಕೊಂಡು ಊರಿಗೆ ಬಂದು ಹೀರೇಬಳ್ಳಿ ಹಾಳು ಮಾಡುತ್ತದಾ ಎಂದು ಅಮ್ಮನಿಗೆ ಚಿಂತೆ. ಇನ್ನೊಂದು ವಿಷಯ. ನಮ್ಮ ಚಿಕ್ಕಪ್ಪನ ಮಗನಿಗೆ ಡುಶೆನ್ ಎಂಬ ಸ್ನಾಯು ಸೊರಗುವ ಕಾಯಿಲೆ ಇದೆ. ಚಿಕ್ಕಪ್ಪ ಮದುವೆಯಾಗಿರುವುದು ಸ್ವಂತ ಅಕ್ಕನ ಮಗಳನ್ನು. ಸಂಬಂಧದಲ್ಲಿ ಆದದ್ದಕ್ಕೇ ಹೀಗಾಯಿತು ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ನನ್ನ ಕೆಲಸದಿಂದ ಅವನಿಗೆ ಏನಾದರೂ ಉಪಯೋಗವಾಗುತ್ತದಾ? ನಾಳೆ ನನ್ನ ಮಕ್ಕಳಿಗೂ ಬರುತ್ತದಾ?

ಉತ್ತರ:

ಮೊದಲು ಆ 14ರ ವಿಷಯ ನೋಡೋಣ. ಹಾರದ ನೊಣ ಸಿಕ್ಕ ಖುಷಿಯಲ್ಲಿ ಎಲ್ಲವನ್ನೂ ‘ಸ್ನಾಯುವಿನ ಜೀನ್’ ಎಂದು ಬರೆದರೆ ವೈವಾದಲ್ಲಿ ಸಿಕ್ಕಿಬೀಳುವವರು ನೀವು, ನಿಮ್ಮ ಸೀನಿಯರ್ ಅಲ್ಲ.

ಗದ್ದೆಗೆ ನೀರು ಬರಲಿಲ್ಲ ಎಂದ ತಕ್ಷಣ ನಿಮ್ಮ ತಂದೆ ಮೋಟರ್ ಮೇಲೆತ್ತಿಸುತ್ತಾರಾ? ಇಲ್ಲ. ಕರೆಂಟ್ ಇದೆಯಾ, ಸ್ಟಾರ್ಟರ್ ಹಿಡಿಯಿತಾ, ಪೈಪ್ ಒಡೆದಿದೆಯಾ, ಬೋರ್‌ನಲ್ಲಿ ನೀರಿದೆಯಾ ಎಂದು ಮೊದಲು ನೋಡುತ್ತಾರೆ. ನೊಣ ಹಾರಬೇಕಾದರೂ ಇಷ್ಟೇ ಕಡೆ ಎಲ್ಲ ಸರಿ ಇರಬೇಕು. ರೆಕ್ಕೆ ನೆಟ್ಟಗಿರಬೇಕು. ರೆಕ್ಕೆ ಎದೆಗೆ ಕೂಡುವ ಕೀಲು ಆಡಬೇಕು. ನರ ಸ್ನಾಯುವಿಗೆ ಸುದ್ದಿ ಮುಟ್ಟಿಸಬೇಕು. ಸ್ನಾಯುವಿನೊಳಗಿನ ಮೈಟೊಕಾಂಡ್ರಿಯಾ ಶಕ್ತಿ ಒದಗಿಸಬೇಕು. ಇಷ್ಟಾದ ಮೇಲೆ ಸ್ನಾಯುವಿನ ಎಳೆಗಳು ಎಳೆದುಕೊಳ್ಳಬೇಕು. ಎಲ್ಲಿ ಕೆಟ್ಟರೂ ಹೊರಗಿನಿಂದ ಕಾಣುವುದು ಒಂದೇ: ನೊಣ ಹಾರಲ್ಲ.

ಜೀನ್ ಬಿಡಿ, ನೊಣ ಸಾಕುವ ಗಾಜಿನ ವಯಲ್‌ನಲ್ಲೇ ತಪ್ಪಾಗಿರಬಹುದು. ಪ್ಯೂಪಾದಿಂದ ಈಗಷ್ಟೇ ಹೊರಬಂದ ನೊಣಕ್ಕೆ ಹಾರಲು ಬರುವುದಿಲ್ಲ. ರೆಕ್ಕೆ ಬಿಚ್ಚಿಕೊಂಡು ಮೈ ಗಟ್ಟಿಯಾಗಬೇಕು. ಮೂರರಿಂದ ಐದು ದಿನದ ನೊಣಗಳನ್ನೇ ಪರೀಕ್ಷೆಗೆ ತೆಗೆದುಕೊಳ್ಳಿ. ಈಥರ್ ಅಥವಾ ಕಾರ್ಬನ್ ಡೈಆಕ್ಸೈಡ್ ಕೊಟ್ಟು ಗಂಡು ಹೆಣ್ಣು ಬೇರೆ ಮಾಡಿದ ದಿನವೇ ಹಾರಿಸಬೇಡಿ, ಒಂದು ದಿನ ಬಿಡಿ. ನಮ್ಮ ಮೈಸೂರಿನ ರವೆ-ಬೆಲ್ಲ-ಅಗರ್ ಮೀಡಿಯಾ ನೊಣಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ಆದರೆ ನೀರು ಜಾಸ್ತಿಯಾದರೆ ರೆಕ್ಕೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ನೊಣವೂ ಹಾರಲ್ಲ.

ರೆಕ್ಕೆ ಎತ್ತಿಕೊಂಡ ನೊಣಗಳ ಬಗ್ಗೆ ಒಂದು ಎಚ್ಚರಿಕೆ. ಈಥರ್ ಹೆಚ್ಚಾಗಿ ಸತ್ತ ನೊಣವೂ ರೆಕ್ಕೆಯನ್ನು ಹಾಗೇ ಮೇಲಕ್ಕೆ ಚಾಚಿಕೊಂಡು ಬಿದ್ದಿರುತ್ತದೆ. ಆದ್ದರಿಂದ ಈ ಗುರುತನ್ನು ಓಡಾಡುತ್ತಿರುವ ನೊಣದಲ್ಲೇ ನೋಡಿ. ಓಡಾಡುವ ನೊಣ ಸದಾ ರೆಕ್ಕೆ ಎತ್ತಿಕೊಂಡಿದ್ದರೆ ಅದು ಒಳ್ಳೆಯ ಸುಳಿವು. ಸ್ನಾಯುವಿನ ಟ್ರೊಪೊನಿನ್-ಐ ಜೀನಿಗೆ ‘ವಿಂಗ್ಸ್ ಅಪ್ ಎ’ ಎಂಬ ಹೆಸರು ಬಂದದ್ದೇ ಹೀಗೆ.

ಇನ್ನು ಶಾಖ. ಗ್ಯಾಲ್4 ಚುರುಕಾಗಿ ಕೆಲಸ ಮಾಡಲಿ ಎಂದು ಬಹಳ ಜನ 29 ಡಿಗ್ರಿಯಲ್ಲಿ ಬೆಳೆಸುತ್ತಾರೆ. ಅದು ಸರಿ. ಆದರೆ ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ಬಿಸಿಯೇರಿದರೆ ನೊಣಗಳೇ ಸೊರಗುತ್ತವೆ. 30 ಡಿಗ್ರಿ ದಾಟಿದರೆ ಗಂಡುಗಳು ಬಂಜೆಯಾಗಲು ಶುರು. ಅದಕ್ಕೇ ಹೋಲಿಸಿ ನೋಡಲು ಇಡುವ ಕಂಟ್ರೋಲ್ ವಯಲ್ ಅದೇ ಇನ್‌ಕ್ಯುಬೇಟರ್‌ನ ಅದೇ ತಟ್ಟೆಯಲ್ಲಿ, ಅದೇ ದಿನ ಕ್ರಾಸ್ ಮಾಡಿದ್ದಾಗಿರಬೇಕು. ಗ್ಯಾಲ್4 ಮಾತ್ರ ಇರುವ ನೊಣ ಒಂದು ಕಂಟ್ರೋಲ್. ಆರ್‌ಎನ್‌ಎಐ ತಳಿ ಮಾತ್ರ ಇನ್ನೊಂದು. ನೊಣದಲ್ಲಿ ಇಲ್ಲದ ಜಿಎಫ್‌ಪಿ ಜೀನಿನ ಮೇಲೆ ಆರ್‌ಎನ್‌ಎಐ ಹೂಡಿದ್ದು ಮೂರನೆಯದು. ಈ ಮೂರೂ ಇಲ್ಲದ ಸ್ಕ್ರೀನ್ (ಇಂಥ ಜೀನ್ ಹುಡುಕಾಟ) ನನ್ನ ಲೆಕ್ಕದಲ್ಲಿ ಸ್ಕ್ರೀನೇ ಅಲ್ಲ.

ಹಾರಾಟ ಅಳೆಯಲು ದುಬಾರಿ ಯಂತ್ರ ಬೇಡ. ನೊಣದ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿ ಸೀಮರ್ ಬೆಂಜರ್ ಅವರ ಕಾಲದಿಂದ ಬಂದ ಉಪಾಯ ಇವತ್ತಿಗೂ ಸಾಕು. ದೊಡ್ಡ ಅಳತೆ ಸಿಲಿಂಡರ್‌ನ ಒಳಗೋಡೆಗೆ ಪ್ಯಾರಾಫಿನ್ ಎಣ್ಣೆ ಸವರಿ, ಮೇಲಿಂದ ಆಲಿಕೆಯಲ್ಲಿ ನೊಣಗಳನ್ನು ತಟ್ಟಿ ಬೀಳಿಸಿ. ಚೆನ್ನಾಗಿ ಹಾರುವವು ಮೇಲ್ಭಾಗದಲ್ಲೇ ಗೋಡೆಗೆ ಅಂಟುತ್ತವೆ, ಸೋತವು ಕೆಳಗೆ, ಹಾರಲಾರದವು ತಳದಲ್ಲಿ. ವಯಲ್ ಮೇಲೆ ಜೀನಿನ ಹೆಸರು ಬೇಡ, ಬರೀ ನಂಬರ್ ಇರಲಿ. ಎಣಿಸುವವರು ನಿಮ್ಮ ಗೆಳತಿಯಾಗಿರಲಿ. ಯಾವುದು ಯಾವ ಜೀನ್ ಎಂದು ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ.

ಇಷ್ಟೆಲ್ಲ ದಾಟಿಯೂ 14ರಲ್ಲಿ ಒಂದಿಷ್ಟು ಉಳಿಯುತ್ತವೆ. ಅಷ್ಟೊಂದು ಉಳಿಯುವುದು ಸಾಧ್ಯವೇ ಎಂದು ನಿಮಗೆ ಅನುಮಾನ ಬರಬಹುದು. ಸಾಧ್ಯ. 2010ರಲ್ಲಿ ಫ್ರಾಂಕ್ ಶ್ನೋರರ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸದಲ್ಲಿ ನೀವು ಬಳಸಿದಂಥದ್ದೇ ಉಪಾಯವಿತ್ತು. ಸ್ನಾಯುವಿನಲ್ಲಿ ಮಾತ್ರ ಜೀನ್ ತಗ್ಗಿಸುತ್ತಾ 10,461 ಜೀನ್‌ಗಳನ್ನು ನೋಡಿದರು. 2,785 ಜೀನ್‌ಗಳಿಗೆ ಸ್ನಾಯುವಿನಲ್ಲಿ ಏನೋ ಒಂದು ಪಾತ್ರ ಸಿಕ್ಕಿತು. ಅಂದರೆ ನಾಲ್ಕಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ನಿಮ್ಮ 60ಕ್ಕೆ 14 ಅದರ ಹತ್ತಿರವೇ ಇದೆ. ಆದರೆ ಆ 2,785ರಲ್ಲಿ ಎಂಥವಿವೆ ಎಂಬುದನ್ನೂ ನೋಡಬೇಕು. ಪ್ರೋಟೀನ್ ತಯಾರಿಸುವ, ಶಕ್ತಿ ಒದಗಿಸುವ ಜೀನ್‌ಗಳು ಬೇಕಾದಷ್ಟಿವೆ. ಅವು ಇಲ್ಲದಿದ್ದರೆ ಯಾವ ಜೀವಕೋಶವೂ ಬದುಕದು, ಸ್ನಾಯುವೂ ಬದುಕದು. ಸ್ನಾಯುವಿಗೆ ಬೇಕಾದ ಜೀನ್ ಬೇರೆ, ಸ್ನಾಯುವನ್ನು ರೂಪಿಸುವ ಜೀನ್ ಬೇರೆ. ನಿಮ್ಮ ಪ್ರಾಜೆಕ್ಟಿನ ಹೆಸರಲ್ಲಿ ಇರುವುದು ಎರಡನೆಯದು, ಅಲ್ವಾ?

ಇವೆರಡನ್ನು ಬೇರೆ ಮಾಡಲು ಎದೆ ಸೀಳಿ ನೋಡಬೇಕು, ಬೇರೆ ದಾರಿಯಿಲ್ಲ. ಹಾರುವ ಮುಖ್ಯ ಸ್ನಾಯುಗಳು ರೆಕ್ಕೆಗೆ ನೇರವಾಗಿ ಅಂಟಿಕೊಂಡಿಲ್ಲ. ಎದೆಯ ಗಟ್ಟಿ ಚಿಪ್ಪಿಗೆ ಅಂಟಿಕೊಂಡು, ಚಿಪ್ಪನ್ನೇ ಅದುಮಿ ಬಿಟ್ಟು ರೆಕ್ಕೆ ಬಡಿಸುತ್ತವೆ. ಸೆಕೆಂಡಿಗೆ ಸುಮಾರು 200 ಸಲ. ಅವುಗಳಲ್ಲಿ ಉದ್ದಕ್ಕೆ ಮಲಗಿರುವವು ಪಕ್ಕಕ್ಕೆ ಆರರಂತೆ ಇರುತ್ತವೆ. ಅವು ಹುಟ್ಟುವ ರೀತಿ ನನಗೆ ಇವತ್ತಿಗೂ ಸೋಜಿಗ. ಮರಿಹುಳುವಿನ ಹಳೆಯ ಸ್ನಾಯುಗಳು ಪ್ಯೂಪಾದೊಳಗೆ ಬಹುಪಾಲು ಕರಗಿಹೋಗುತ್ತವೆ. ಎದೆಯಲ್ಲಿ ಮಾತ್ರ ಪಕ್ಕಕ್ಕೆ ಮೂರು ಉಳಿದುಕೊಳ್ಳುತ್ತವೆ. ಹೊಸ ಸ್ನಾಯುಕೋಶಗಳು ಗುಂಪಾಗಿ ಬಂದು ಆ ಮೂರಕ್ಕೆ ಬೆಸೆದುಕೊಳ್ಳುತ್ತವೆ. ಆಮೇಲೆ ಒಂದೊಂದೂ ಸೀಳಿ ಎರಡಾಗುತ್ತದೆ. ಒಟ್ಟು ಆರು. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲಿ ಕೆ. ವಿಜಯರಾಘವನ್ ಅವರ ಗುಂಪು ವರ್ಷಗಟ್ಟಲೆ ಕೆಲಸ ಮಾಡಿದ್ದು ಈ ಸ್ನಾಯುಗಳ ಮೇಲೆಯೇ.

ಹಾಗಾಗಿ ನಿಮ್ಮ ಹಾರದ ನೊಣದಲ್ಲಿ ಆರರ ಬದಲು ಮೂರೋ ನಾಲ್ಕೋ ಇದ್ದರೆ ಬೆಳವಣಿಗೆಯಲ್ಲೇ ಎಡವಟ್ಟಾಗಿದೆ ಎಂದು ಧೈರ್ಯವಾಗಿ ಹೇಳಬಹುದು. ಆರೂ ಇವೆ, ಒಳಗಿನ ಎಳೆಗಳು ಮಾತ್ರ ಅಸ್ತವ್ಯಸ್ತ ಎಂದರೆ ಜೋಡಣೆಯ ತೊಂದರೆ. ಆರೂ ಇವೆ, ಎಳೆಗಳೂ ಸಾಲಾಗಿವೆ ಎಂದರೆ ನರ, ಶಕ್ತಿ, ಕೀಲು ಕಡೆ ಹುಡುಕಬೇಕು. ನೋಡುವುದು ಕಷ್ಟವಲ್ಲ. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದ ಎದೆಯನ್ನು ಬ್ಲೇಡಿನಿಂದ ಉದ್ದಕ್ಕೆ ಎರಡು ಹೋಳು ಮಾಡಿ. ಆಲ್ಕೊಹಾಲಿನಲ್ಲಿ ನೀರು ತೆಗೆದು ಮೀಥೈಲ್ ಸ್ಯಾಲಿಸಿಲೇಟ್‌ನಲ್ಲಿ ಇಟ್ಟರೆ ಪಾರದರ್ಶಕವಾಗುತ್ತದೆ. ಲ್ಯಾಬ್ ತುಂಬಾ ನೋವಿನ ಮುಲಾಮಿನ ವಾಸನೆ ಬರುತ್ತದೆ, ಏಕೆಂದರೆ ಮುಲಾಮಿನಲ್ಲಿ ಇರುವುದೂ ಅದೇ. ಪೋಲರೈಸ್ಡ್ ಬೆಳಕಿನಲ್ಲಿ ಸ್ನಾಯುಗಳು ಹೊಳೆಯುತ್ತವೆ, ಎಣಿಸಿಕೊಳ್ಳಿ. ಎಳೆಗಳ ವಿವರ ಬೇಕಾದರೆ ಫ್ಯಾಲಾಯ್ಡಿನ್ ಬಣ್ಣ ಹಾಕಿ ಕಾನ್‌ಫೋಕಲ್ ಮೈಕ್ರೊಸ್ಕೋಪ್‌ನಲ್ಲಿ ನೋಡಬೇಕು.

ವಯಸ್ಸಿನ ವಿಷಯ ಬಹಳ ಜನ ಮರೆಯುತ್ತಾರೆ. ಒಂದು ದಿನದ ನೊಣದ ಸ್ನಾಯು ಚೆನ್ನಾಗಿದ್ದು ಹತ್ತು ದಿನದ್ದು ಹಾಳಾಗಿದ್ದರೆ ಆ ಜೀನ್ ಸ್ನಾಯು ಕಟ್ಟುವುದಲ್ಲ, ಕಾಪಾಡುವುದು. ಪಾರ್ಕಿನ್ ಜೀನ್ ನೆನಪಿಡಿ. ಮನುಷ್ಯರಲ್ಲಿ ಅದು ಕೆಟ್ಟರೆ ಪಾರ್ಕಿನ್ಸನ್ ಕಾಯಿಲೆ. ನೊಣದಲ್ಲಿ ಅದನ್ನು ತೆಗೆದಾಗ ಹಾರುವ ಸ್ನಾಯು ಮೊದಲು ಬೆಳೆದು, ಆಮೇಲೆ ಮೈಟೊಕಾಂಡ್ರಿಯಾ ಕೆಟ್ಟು ಸವೆದುಹೋಗುತ್ತದೆ ಎಂದು 2003ರಲ್ಲಿ ಗೊತ್ತಾಯಿತು. ಪಿಂಕ್1 ಎಂಬ ಇನ್ನೊಂದು ಜೀನ್ ಮತ್ತು ಪಾರ್ಕಿನ್ ಒಂದೇ ಸಾಲಿನಲ್ಲಿ ಕೆಲಸ ಮಾಡುತ್ತವೆ ಎಂಬುದು 2006ರಲ್ಲಿ ತಿಳಿದದ್ದೂ ನೊಣದಿಂದಲೇ.

ನೀವು ಒಂದು ಮಾತು ಬರೆದಿಲ್ಲ. 60ರಲ್ಲಿ ಎಷ್ಟು ಕ್ರಾಸ್‌ಗಳಲ್ಲಿ ನೊಣವೇ ಹೊರಬರಲಿಲ್ಲ? ಮೆಫ್2-ಗ್ಯಾಲ್4 ಭ್ರೂಣದಿಂದಲೇ ಎಲ್ಲ ಸ್ನಾಯುಗಳಲ್ಲೂ ಕೆಲಸ ಮಾಡುತ್ತದೆ. ಜೀನ್ ನಿಜಕ್ಕೂ ಮುಖ್ಯವಾದದ್ದಾದರೆ ಮರಿ ಭ್ರೂಣದಲ್ಲೋ ಪ್ಯೂಪಾದಲ್ಲೋ ಸಾಯುತ್ತದೆ. ಭ್ರೂಣದ ಹೊಟ್ಟೆಯ ಒಂದು ಖಂಡದ ಒಂದು ಪಕ್ಕದಲ್ಲಿ 30 ಸ್ನಾಯುಗಳು. ಒಂದೊಂದಕ್ಕೂ ಒಂದು ಮೂಲಕೋಶ. ಆ ಮೂಲಕೋಶದ ಮೈಮೇಲೆ ಡಫ್ ಎಂಬ ಪ್ರೋಟೀನ್, ಅದಕ್ಕೆ ಬಂದು ಬೆಸೆಯುವ ಕೋಶಗಳ ಮೇಲೆ ಎಸ್‌ಎನ್‌ಎಸ್. ಈ ಇಬ್ಬರ ಪರಿಚಯವೇ ಆಗದಿದ್ದರೆ ಸ್ನಾಯುವೇ ಕಟ್ಟುವುದಿಲ್ಲ. ಅಂಥ ಜೀನ್ ನಿಮ್ಮ 60ರಲ್ಲಿ ಇದ್ದಿದ್ದರೆ ನೀವು ‘ಕ್ರಾಸ್ ಫೇಲ್’ ಎಂದು ಬರೆದು ವಯಲ್ ತೊಳೆಯಲು ಕೊಟ್ಟಿರುತ್ತೀರಿ! ನೋಟ್‌ಬುಕ್ ತೆಗೆದು ಆ ಕ್ರಾಸ್‌ಗಳನ್ನು ಇನ್ನೊಮ್ಮೆ ಇಡಿ. ಈ ಸಲ ಹಾರುವ ಸ್ನಾಯುವಿನಲ್ಲಿ ಮಾತ್ರ ಕೆಲಸ ಮಾಡುವ ಆಕ್ಟ್88ಎಫ್-ಗ್ಯಾಲ್4 ಬಳಸಿ. ವಯಲ್‌ನಲ್ಲಿ ಬದುಕಲು ನೊಣ ಹಾರಬೇಕಾಗಿಲ್ಲ. ತಿನ್ನಲು, ನಡೆಯಲು, ಮೊಟ್ಟೆಯಿಡಲು ಬಂದರೆ ಸಾಕು. ಸ್ನಾಯು ಹುಡುಕುವವರು ಹಾರುವ ಸ್ನಾಯುವನ್ನೇ ಆರಿಸಿಕೊಳ್ಳುವುದು ಇದಕ್ಕೇ.

ಈಗ ‘ಆರ್‌ಎನ್‌ಎಐ ನಂಬಬೇಡ’ ಎಂಬ ಮಾತು. ಅದರಲ್ಲಿ ಅರ್ಧ ನಿಜವಿದೆ. ಆರ್‌ಎನ್‌ಎಐ ಜೀನನ್ನು ಅಳಿಸುವುದಿಲ್ಲ, ತಗ್ಗಿಸುತ್ತದೆ. ಎಷ್ಟು ತಗ್ಗಿತು ಎಂದು, ಜೀನಿನ ಆರ್‌ಎನ್‌ಎ ಅಳೆಯುವ ಕ್ಯೂ-ಪಿಸಿಆರ್ ಮಾಡದೆ ಗೊತ್ತಾಗುವುದಿಲ್ಲ. ಕೆಲವೊಮ್ಮೆ ಸೀಕ್ವೆನ್ಸ್ ಹೋಲುವ ಬೇರೆ ಜೀನಿಗೂ ಪೆಟ್ಟು ಬೀಳುತ್ತದೆ. ವಿಯೆನ್ನಾದ ನೊಣ ತಳಿ ಸಂಗ್ರಹದ ಕೆಕೆ ಸರಣಿಯ ಕೆಲವು ತಳಿಗಳಲ್ಲಿ ಇನ್ನೊಂದು ತಂಟೆ ಇದೆ. ಹೊರಗಿನ ಡಿಎನ್‌ಎ 40ಡಿ ಎಂಬ ಜಾಗದಲ್ಲೂ ಸೇರಿಕೊಂಡಿದ್ದರೆ, ಗ್ಯಾಲ್4 ಸಿಕ್ಕಾಗ ಅಲ್ಲಿನ ಟಿಯೋ ಜೀನ್ ಬೇಡದ ಕಡೆ ಚಾಲೂ ಆಗುತ್ತದೆ. ಆಗ ಕಾಣುವ ದೋಷಕ್ಕೂ ನೀವು ಹುಡುಕುತ್ತಿರುವ ಜೀನಿಗೂ ಸಂಬಂಧವೇ ಇರುವುದಿಲ್ಲ. ನಿಮ್ಮ 14ರಲ್ಲಿ ಕೆಕೆ ತಳಿಗಳಿದ್ದರೆ ಪಿಸಿಆರ್ ಮಾಡಿ ನೋಡಿಕೊಳ್ಳಿ. ಮೆಫ್2 ಮಿದುಳಿನ ಕೆಲವು ಕೋಶಗಳಲ್ಲೂ ಇರುತ್ತದೆ, ಅದೂ ತಲೆಯಲ್ಲಿರಲಿ. ಇದಕ್ಕೆಲ್ಲ ಪರಿಹಾರ ಸುಲಭ. ಅದೇ ಜೀನಿನ ಬೇರೆ ಭಾಗಕ್ಕೆ ಗುರಿಯಿಟ್ಟ ಎರಡನೇ ತಳಿ ತರಿಸಿ. ಎರಡರಲ್ಲೂ ಒಂದೇ ದೋಷ ಕಂಡರೆ ನಂಬಬಹುದು. ಒಂದರಲ್ಲೇ ಕಂಡರೆ ಅದನ್ನು ‘ಖಚಿತವಿಲ್ಲ’ ಸಾಲಿಗೆ ಹಾಕಿ.

ಇಎಂಎಸ್‌ಗೆ ಬರೋಣ. ದೊಡ್ಡ ಪರಂಪರೆಯ ದಾರಿ ಅದು. 1927ರಲ್ಲಿ ಮುಲ್ಲರ್ ಎಕ್ಸ್‌ರೇಯಿಂದ ಮ್ಯುಟೇಷನ್ ಹುಟ್ಟಿಸಬಹುದೆಂದು ನೊಣದಲ್ಲಿ ತೋರಿಸಿದರು. ಹೈಡೆಲ್‌ಬರ್ಗ್‌ನಲ್ಲಿ ನ್ಯೂಸ್‌ಲೈನ್-ಫೋಲ್‌ಹಾರ್ಡ್ ಮತ್ತು ವೀಶಾಸ್ ಇಎಂಎಸ್ ಬಳಸಿ ಭ್ರೂಣದ ಜೀನ್‌ಗಳನ್ನು ಹುಡುಕಿ 1980ರಲ್ಲಿ ಪ್ರಕಟಿಸಿದ್ದಕ್ಕೆ 1995ರ ನೊಬೆಲ್ ಬಂತು. ಯಾವ ಜೀನ್ ಎಂದು ಮೊದಲೇ ಊಹಿಸಬೇಕಾಗಿಲ್ಲ, ನೊಣವೇ ತೋರಿಸುತ್ತದೆ. ಆ ದಾರಿಯ ಚೆಂದ ಇದು.

ಆದರೆ ನಾಲ್ಕು ತಿಂಗಳಿಗೆ ಅದು ಆಗುವ ಮಾತಲ್ಲ. ಗಂಡು ನೊಣಗಳಿಗೆ ಸಕ್ಕರೆ ನೀರಿನಲ್ಲಿ 25 ಮಿಲಿಮೋಲಾರ್ ಇಎಂಎಸ್ ಕುಡಿಸುವುದು ಒಂದು ರಾತ್ರಿಯ ಕೆಲಸ. ಎರಡನೇ ಕ್ರೋಮೊಸೋಮಿನಲ್ಲಿ ಅಡಗಿದ ಮ್ಯುಟೇಷನ್ ಕಣ್ಣಿಗೆ ಬೀಳಲು ಮೂರು ತಲೆಮಾರು ಬೇಕು. 25 ಡಿಗ್ರಿಯಲ್ಲಿ ತಲೆಮಾರಿಗೆ ಹತ್ತು ದಿನ ಎಂದು ಪುಸ್ತಕದಲ್ಲಿದೆ. ವರ್ಜಿನ್ ಹೆಣ್ಣು ಕೂಡಿಸುವುದು, ಮ್ಯುಟೇಷನ್ ಕಳೆದುಹೋಗದಂತೆ ಕಾಯುವ ಬ್ಯಾಲೆನ್ಸರ್ ತಳಿಯ ಜೊತೆ ಕ್ರಾಸ್ ಇಡುವುದು ಸೇರಿದರೆ ಎರಡು ವಾರ. ಅದೂ ನೂರಾರು ಸಾಲು ಬೇರೆ ಬೇರೆ ಇಟ್ಟುಕೊಂಡು. ಕೊನೆಗೆ ಹಾರದ ನೊಣ ಸಿಕ್ಕಿತು ಅನ್ನಿ. ಯಾವ ಜೀನ್ ಕೆಟ್ಟಿದೆ ಎಂದು ಪತ್ತೆ ಮಾಡುವುದು ಇನ್ನೊಂದು ಪ್ರಾಜೆಕ್ಟ್. ಕ್ರೋಮೊಸೋಮಿನ ಒಂದು ತುಂಡು ಇಲ್ಲದ ಡಿಫಿಷಿಯನ್ಸಿ ತಳಿಗಳು, ಸೀಕ್ವೆನ್ಸಿಂಗ್, ಖರ್ಚು. ಎಕ್ಸ್ ಕ್ರೋಮೊಸೋಮ್ ಒಂದರಲ್ಲೇ ಹುಡುಕಿದರೆ ಬೇಗ ಆಗುತ್ತದೆ. ಎರಡು ಎಕ್ಸ್ ಒಂದಕ್ಕೊಂದು ಅಂಟಿರುವ ಅಟ್ಯಾಚ್ಡ್-ಎಕ್ಸ್ ಹೆಣ್ಣುಗಳನ್ನು ಬಳಸಿದರೆ ಮೊದಲ ತಲೆಮಾರಿನ ಗಂಡುಗಳಲ್ಲೇ ಕಾಣುತ್ತದೆ. ಪಿಎಚ್‌.ಡಿ. ಸೇರಿದ ಮೇಲೆ ಯೋಚಿಸಿ.

ನಿಮ್ಮ ಭಯಕ್ಕೂ ಕಾರಣವಿದೆ. ಇಎಂಎಸ್ ಡಿಎನ್‌ಎಯ ಗ್ವಾನಿನ್ ಅನ್ನು ಕೆಡಿಸುತ್ತದೆ, ನೊಣದ್ದನ್ನೂ, ಕೈ ಹಾಕಿದವರದ್ದನ್ನೂ. ಕ್ಯಾನ್ಸರ್ ತರಬಲ್ಲ ರಾಸಾಯನಿಕ, ಆವಿಯಾಗಿಯೂ ಒಳಗೆ ಹೋಗುತ್ತದೆ. ಚೆನ್ನಾಗಿ ಎಳೆಯುವ ಫ್ಯೂಮ್ ಹುಡ್, ಎರಡು ಜೊತೆ ಗ್ಲೌಸ್, ಮುಟ್ಟಿದ್ದನ್ನೆಲ್ಲ ಸೋಡಿಯಂ ಥಯೋಸಲ್ಫೇಟ್ ದ್ರಾವಣದಲ್ಲಿ ಮುಳುಗಿಸಿ ಆಮೇಲೆ ವಿಲೇವಾರಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಬೇಡ ಎಂದು ಗೈಡ್‌ಗೆ ನೇರವಾಗಿ ಹೇಳಿ. ಗರ್ಭಿಣಿಯರು ಆ ಕೋಣೆಗೆ ಹೋಗುವುದೂ ಬೇಡ.

ಕ್ರಿಸ್ಪರ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಜೀನನ್ನೇ ಕತ್ತರಿಸುವುದರಿಂದ ಫಲಿತಾಂಶ ಹೆಚ್ಚು ಖಚಿತ. ಹೊಸ ತಳಿ ಮಾಡಲು ಭ್ರೂಣಕ್ಕೆ ಇಂಜೆಕ್ಷನ್ ಬೇಕು, ತಿಂಗಳುಗಳು ಹಿಡಿಯುತ್ತವೆ. ಅಮೆರಿಕದ ಬ್ಲೂಮಿಂಗ್ಟನ್ ನೊಣ ಸಂಗ್ರಹದಲ್ಲಿ ನಿಮ್ಮ ಜೀನಿಗೆ ಮ್ಯುಟೆಂಟ್ ತಳಿ ಸಿದ್ಧವಾಗಿಯೇ ಇದ್ದರೆ ಅದನ್ನು ತರಿಸುವುದು ಜಾಣತನ. ಆದರೆ ವಿದೇಶದಿಂದ ನೊಣ ಬರಲು ಪರವಾನಗಿ, ಕಸ್ಟಮ್ಸ್ ಎಂದು ವಾರಗಳು ಹೋಗುತ್ತವೆ. ಮೊದಲು ಹತ್ತಿರದಲ್ಲೇ ಕೇಳಿ. ಮಾನಸಗಂಗೋತ್ರಿಯಲ್ಲೇ ಡ್ರೊಸೊಫಿಲಾ, ಅಂದರೆ ಈ ನೊಣದ, ತಳಿಗಳ ಸಂಗ್ರಹ ಕೇಂದ್ರವಿದೆ, ಬೆಂಗಳೂರಿನ ಲ್ಯಾಬ್‌ಗಳಲ್ಲೂ ಸ್ನಾಯುವಿನ ತಳಿಗಳಿವೆ. ನೊಣದವರು ತಳಿ ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.

ನನ್ನನ್ನು ಕೇಳಿದರೆ ಹೀಗೆ ಮಾಡಿ. ಮೊದಲ ತಿಂಗಳು 14ನ್ನೂ ಕಂಟ್ರೋಲ್ ಸಮೇತ ಮತ್ತೆ ಪರೀಕ್ಷಿಸಿ. ಅದರ ಜೊತೆಗೇ ಎರಡನೇ ತಳಿಗಳನ್ನು ಕೇಳಿಡಿ. ಉಳಿದವುಗಳ ಎದೆ ಸೀಳಿ ನೋಡಿ, ಸ್ನಾಯುವಿನ ಸಂಖ್ಯೆ ಅಥವಾ ಆಕಾರ ಕೆಟ್ಟಿರುವ ಎರಡೋ ಮೂರೋ ಜೀನ್ ಆರಿಸಿಕೊಂಡು ಅವುಗಳ ಮೇಲೇ ಉಳಿದ ಸಮಯ ಹಾಕಿ. ಈ 14 ಬಿಟ್ಟು ಉಳಿದ 46 ತಳಿಗಳ ಪಟ್ಟಿಯನ್ನೂ ಥೀಸಿಸ್‌ನಲ್ಲಿ ಕೊಡಿ. ಮುಂದೆ ಇದೇ ಕೆಲಸ ಮಾಡುವವರಿಗೆ ಅದು ಬೇಕಾಗುತ್ತದೆ.

ಅಮ್ಮನಿಗೆ ಹೇಳಿ, ಹೀರೇಕಾಯಿಗೆ ಚುಚ್ಚಿ ಮೊಟ್ಟೆಯಿಡುವ ಹಣ್ಣು ನೊಣದ ಕುಟುಂಬವೇ ಬೇರೆ. ಮೋಹಕ ಬಲೆ ಕಟ್ಟಿ ಹಿಡಿಯುವುದು ಅದನ್ನು. ನಿಮ್ಮದು ಕೊಳೆತ ಬಾಳೆಹಣ್ಣಿನ ಮೇಲೆ ಯೀಸ್ಟ್ ಹುಡುಕಿಕೊಂಡು ಬರುವ ಚಿಕ್ಕ ನೊಣ, ಊರಲ್ಲಿ ಅದರ ಬಳಗ ಈಗಾಗಲೇ ಇದೆ. ಹಾಗಂತ ಜೀನ್ ಬದಲಿಸಿದ ನೊಣವನ್ನು ಹೊರಗೆ ಬಿಡುವಂತಿಲ್ಲ. ವಯಲ್‌ಗಳನ್ನು ಫ್ರೀಜರ್‌ನಲ್ಲಿಟ್ಟು ನೊಣ ಸಾಯಿಸಿಯೇ ತೊಳೆಯಲು ಕೊಡಿ.

ಕೊನೆಗೆ ನಿಮ್ಮ ಚಿಕ್ಕಪ್ಪನ ಮಗನ ವಿಷಯ. ನಿಮ್ಮ ಸ್ಕ್ರೀನ್‌ನಿಂದ ಅವನಿಗೆ ಈಗ ಉಪಯೋಗವಾಗುವುದಿಲ್ಲ. ಡುಶೆನ್‌ನಲ್ಲಿ ಕೆಡುವ ಡಿಸ್ಟ್ರೊಫಿನ್ ಜೀನ್ ನೊಣದಲ್ಲೂ ಇದೆ, ಅದು ಕೆಟ್ಟರೆ ನೊಣದ ಸ್ನಾಯುವೂ ಸವೆಯುತ್ತದೆ. ಕಾಯಿಲೆಯ ಒಳಗುಟ್ಟು ತಿಳಿಯಲು ಅದು ನೆರವಾಗುತ್ತದೆ. ಆದರೆ ಎಲ್ಲವೂ ಹಾಗೇ ಹೊಂದುವುದಿಲ್ಲ. ನಮ್ಮ ಸ್ನಾಯುಕೋಶಗಳು ಬೆಸೆಯಲು ಬೇಕಾದ ಮಯೋಮೇಕರ್ ಎಂಬ ಪ್ರೋಟೀನ್ ನೊಣದಲ್ಲಿ ಇಲ್ಲವೇ ಇಲ್ಲ. ನೊಣದ ಎಸ್‌ಎನ್‌ಎಸ್‌ಗೆ ನಮ್ಮಲ್ಲಿರುವ ನಂಟ ನೆಫ್ರಿನ್, ಅದರ ಮುಖ್ಯ ಕೆಲಸ ಮೂತ್ರಪಿಂಡದಲ್ಲಿ. ಆದ್ದರಿಂದ ಮನೆಯವರಿಗೆ ಆಸೆ ಹುಟ್ಟಿಸಬೇಡಿ.

ಊರಿನವರ ಮಾತು ಮಾತ್ರ ಸರಿಯಲ್ಲ. ಡುಶೆನ್ ಎಕ್ಸ್ ಕ್ರೋಮೊಸೋಮಿನ ಕಾಯಿಲೆ. ಗಂಡು ಮಗುವಿಗೆ ಎಕ್ಸ್ ಬರುವುದು ತಾಯಿಯಿಂದ. ತಂದೆ ಸಂಬಂಧಿಕನಾಗಿದ್ದರೂ ಹೊರಗಿನವನಾಗಿದ್ದರೂ ಲೆಕ್ಕ ಒಂದೇ. ಸಂಬಂಧದಲ್ಲಿ ಮದುವೆಯಾದರೆ ಹೆಚ್ಚಾಗುವ ಸ್ನಾಯು ಕಾಯಿಲೆಗಳಿವೆ, ಇದು ಆ ಗುಂಪಿನದ್ದಲ್ಲ. ಮೂರರಲ್ಲಿ ಸುಮಾರು ಒಂದು ಸಲ ತಾಯಿಯಲ್ಲೂ ಇಲ್ಲದ ಹೊಸ ಮ್ಯುಟೇಷನ್ ಆಗಿರುತ್ತದೆ. ನಿಮ್ಮ ಚಿಕ್ಕಮ್ಮನನ್ನು ದೂರುವುದರಲ್ಲೂ ಅರ್ಥವಿಲ್ಲ.

ನಿಮ್ಮ ಮಕ್ಕಳ ಪ್ರಶ್ನೆಗೆ ಉತ್ತರ: ನಿಮ್ಮ ತಂದೆಗೆ ಈ ಕಾಯಿಲೆ ಇಲ್ಲ ಎಂದಾದರೆ ಅವರ ಒಂದೇ ಒಂದು ಎಕ್ಸ್ ಸರಿಯಾಗಿದೆ, ನಿಮಗೆ ಬಂದದ್ದೂ ಅದೇ. ಆ ಕಡೆಯಿಂದ ನಿಮಗೆ ಬರುವಂತಿಲ್ಲ. ನಿಮ್ಮ ತಾಯಿಯೂ ಇದೇ ಮನೆತನದವರಾಗಿದ್ದರೆ ಲೆಕ್ಕ ಬೇರೆ, ಆಗ ಡಾಕ್ಟರನ್ನು ಕೇಳಲೇಬೇಕು. ನಿಜವಾಗಿ ಪರೀಕ್ಷೆ ಬೇಕಾಗಿರುವುದು ನಿಮ್ಮ ಚಿಕ್ಕಮ್ಮನಿಗೆ. ಮೊದಲು ಹುಡುಗನ ರಕ್ತದಲ್ಲಿ ಎಂಎಲ್‌ಪಿಎ ಪರೀಕ್ಷೆ ಮಾಡಿಸಿ ಜೀನಿನ ಯಾವ ತುಂಡು ಕೆಟ್ಟಿದೆ ಎಂದು ತಿಳಿದುಕೊಳ್ಳಬೇಕು. ಅದರಲ್ಲಿ ಸಿಗದಿದ್ದರೆ ಜೀನಿನ ಸೀಕ್ವೆನ್ಸಿಂಗ್. ಆಮೇಲೆ ಅದೇ ದೋಷ ಚಿಕ್ಕಮ್ಮನಲ್ಲಿದೆಯೇ ಎಂದು ನೋಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯು ಕಾಯಿಲೆಗಳಿಗೆಂದೇ ವೈದ್ಯರಿದ್ದಾರೆ. ಚಿಕ್ಕಮ್ಮನಲ್ಲಿ ಇದೆ ಎಂದು ಗೊತ್ತಾದರೆ ಅವರ ತಾಯಿ, ಅಂದರೆ ನಿಮ್ಮ ಸೋದರತ್ತೆ, ಮತ್ತು ಅತ್ತೆಯ ಬೇರೆ ಹೆಣ್ಣುಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅವರಲ್ಲಿ ಯಾರಾದರೂ ಬಸುರಿಯಾಗಿದ್ದರೆ ಎಂಎಲ್‌ಪಿಎ ವರದಿ ಬರುವವರೆಗೂ ಕಾಯದೆ ಈ ವಾರವೇ ಡಾಕ್ಟರಿಗೆ ತಿಳಿಸಲಿ.